ಲೈಟ್ ಉರೀತಿದೆಯಲ್ಲ ಸ್ವಾಮಿ

ವನವಾಸಕ್ಕೆ ಇಷ್ಟೆಲ್ಲ ಸಾಮಾನು ಬೇಕು ಅಂತ ಗೊತ್ತಿದ್ದರೆ ಧರ್ಮರಾಯ ಜೂಜಿಗೇ ಕೂರುತ್ತಿರಲಿಲ್ಲ.

ಅರಿಜೋನಾದ ಫೀನಿಕ್ಸಿನಲ್ಲಿರುವ ನನ್ನ ಮಗ ಒಂದು ಕ್ಯಾಂಪಿಂಗ್ ಟ್ರೈಲರ್ ಕೊಂಡಿದ್ದಾನೆ, ಸೆಕೆಂಡ್ ಹ್ಯಾಂಡು. ಉದ್ದ 26 ಅಡಿ, ಅಗಲ 8 ಅಡಿ. ನಮ್ಮ ಲೆಕ್ಕದಲ್ಲಿ ಎರಡು ಚದರದ ಮನೆ. ಇಂಥ ಮನೆಗೆ ಚಳ್ಳಕೆರೆ ಕಡೆ ಹೆಣ್ಣು ಕೊಡುವುದಿಲ್ಲ. ಆದರೆ ಅಡಿಯಲ್ಲಿ ನಾಲ್ಕು ಚಕ್ರ ಇದೆ ಎಂಬ ಒಂದೇ ಕಾರಣಕ್ಕೆ ಅಮೆರಿಕದಲ್ಲಿ ಇದಕ್ಕೆ ಕರೆದು ಸಾಲ ಕೊಡುತ್ತಾರೆ. ಒಳಗೆ ಡಬಲ್ ಕಾಟು, ಮಕ್ಕಳಿಗೆ ರೈಲಿನ ಬರ್ತಿನಂಥ ಮಂಚ, ಫ್ರಿಜ್ಜು, ಗ್ಯಾಸ್ ಒಲೆ, ಮೈಕ್ರೋವೇವು, ಬಚ್ಚಲು, ಕಕ್ಕಸು. ಟೀವಿ ಎರಡು: ಒಂದು ಒಳಗೆ, ಇನ್ನೊಂದು ಹೊರಗಿನ ಗೋಡೆಯಲ್ಲಿ. ಹೊರಗಿನದು ಯಾಕೋ ಅಂದರೆ, ಪ್ರಕೃತಿಯ ನಡುವೆ ಕೂತು ನೋಡೋಕೆ ಅಂದ. ಚಾವಣಿಯ ಮೇಲೆ ಆಮೆ ಹತ್ತಿ ಕೂತ ಹಾಗೆ ಒಂದು ಏಸಿ. ಈ ಪುರಾಣಕ್ಕೆ ಅದೇ ನಾಯಕ.

ಹೀಗೆ ಮನೆಯನ್ನೇ ಎಳೆದುಕೊಂಡು ಹೋಗಿ ಮನೆಯಿಂದ ದೂರ ಇರುವುದಕ್ಕೆ ಇಲ್ಲಿ ಕ್ಯಾಂಪಿಂಗ್ ಅನ್ನುತ್ತಾರೆ. ನಾವೂ ಮಾಡಿದವರೇ. ನಾಯಕನಹಟ್ಟಿ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು, ರೊಟ್ಟಿ ಬುತ್ತಿ, ಎತ್ತಿಗೆ ಮೇವು ಹೇರಿಕೊಂಡು ಹೋಗಿ ಬೇವಿನ ಮರದಡಿ ನೊಗ ಇಳಿಸಿದರೆ ಅಲ್ಲಿಗೆ ಕ್ಯಾಂಪಿಂಗ್ ಶುರು. ಸೆಕೆ ಜಾಸ್ತಿಯಾದರೆ ಗಾಡಿಯನ್ನು ನೆರಳು ಸರಿದ ಕಡೆ ನಾಲ್ಕು ಮಾರು ಸರಿಸುವುದು. ಆ ಏಸಿಗೆ ಅಷ್ಟೇ ರಿಪೇರಿ.

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ರಜೆ. ಬುದ್ಧಿಯಿರುವ ಫೀನಿಕ್ಸ್ ಜನ ಆ ಹೊತ್ತಿಗೆ ಸುಮಾರು 7,000 ಅಡಿ ಎತ್ತರದ ಫ್ಲಾಗ್‌ಸ್ಟಾಫಿಗೆ ಹತ್ತಿಬಿಡುತ್ತಾರೆ. ಅಲ್ಲಿ ಪೈನ್ ಮರ, ರಾತ್ರಿ ಸ್ವೆಟರು. ಆದರೆ ಅಲ್ಲಿನ ಕ್ಯಾಂಪು ಜಾಗಕ್ಕೆ ಆರು ತಿಂಗಳು ಮೊದಲೇ ಬುಕ್ ಮಾಡಬೇಕಂತೆ. ಜನವರಿಯಲ್ಲಿ ನನ್ನ ಮಗ ಮರೆತ. ಜೂನ್ ಕೊನೆಯಲ್ಲಿ ನೆನಪಾದಾಗ ಇಡೀ ರಾಜ್ಯದಲ್ಲಿ ಖಾಲಿ ಉಳಿದಿದ್ದದ್ದು ಒಂದೇ ಕಡೆ: ಲೇಕ್ ಹವಾಸು. ಯಾಕೆ ಖಾಲಿ ಉಳಿದಿದೆ ಅಂತ ಅವನು ಕೇಳಲಿಲ್ಲ. ಅರಿಜೋನಾ ರಾಜ್ಯದ ಬಿಸಿಲಿನ ದಾಖಲೆ ಇರುವುದೇ ಆ ಊರಿನ ಹೆಸರಿನಲ್ಲಿ, 1994ರ ಜೂನ್ 29ರಂದು 128 ಡಿಗ್ರಿ ಫ್ಯಾರನ್‌ಹೀಟು. ನಮ್ಮ ಡಿಗ್ರಿಯಲ್ಲಿ 53 ದಾಟಿತು. ಫೀನಿಕ್ಸೇನು ಊಟಿಯಲ್ಲ, 2023ರಲ್ಲಿ ಅಲ್ಲಿ 31 ದಿನ ಒಂದೇ ಸಮನೆ 110 ಡಿಗ್ರಿ ಮುಟ್ಟಿತ್ತು. ಅಂಥ ಊರಿನವರು ತಂಪು ಹುಡುಕಿಕೊಂಡು ಹವಾಸುಗೆ ಹೋಗುವುದೆಂದರೆ ಬಾಣಲೆಯಿಂದ ಒಲೆಗೆ ಬಿದ್ದ ಹಾಗೆ.

ಆ ಊರಿನ ಚರಿತ್ರೆಯೂ ಹಾಗೇ ಇದೆ. ಲಂಡನ್ನಿನವರು ತಮ್ಮ ಹಳೇ ಲಂಡನ್ ಬ್ರಿಡ್ಜ್ ಮಾರಾಟಕ್ಕಿಟ್ಟಾಗ ರಾಬರ್ಟ್ ಮೆಕಲಕ್ ಎಂಬ ಸಾಹುಕಾರ 1968ರಲ್ಲಿ 24 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡ. ಕಲ್ಲು ಕಲ್ಲಿಗೂ ನಂಬರ್ ಹಾಕಿಸಿ, ಹಡಗಿನಲ್ಲಿ ತರಿಸಿ, 1971ರಲ್ಲಿ ಈ ಮರುಭೂಮಿಯಲ್ಲಿ ನಿಲ್ಲಿಸಿದ. ಸೇತುವೆ ಒಣ ನೆಲದ ಮೇಲೆ ಎದ್ದಿತು. ಆಮೇಲೆ ಅದರಡಿ ಕಾಲುವೆ ತೋಡಿ ನೀರು ಬಿಟ್ಟರು. ಹೊಳೆಯಿಲ್ಲದ ಕಡೆ ಸೇತುವೆ ಕಟ್ಟುವುದು ನಮ್ಮ ಲೋಕೋಪಯೋಗಿ ಕಂಟ್ರಾಕ್ಟರುಗಳದ್ದೇ ಕೈಚಳಕ ಅಂದುಕೊಂಡಿದ್ದೆ. ಇಂಥ ಊರಿಗೆ ನಾವು ಎರಡು ಚದರದ ಮನೆ ಎಳೆದುಕೊಂಡು ಹೋದದ್ದು ಏನು ಮಹಾ.

ಮೂರನೇ ತಾರೀಕು ಮಧ್ಯಾಹ್ನ ತಲುಪಿದೆವು. ಹೊರಗೆ 115. ಕ್ಯಾಂಪಿನಲ್ಲಿ ಗೇಣು ಬಿಟ್ಟು ಗೇಣಿಗೆ ಟ್ರೈಲರುಗಳು. ಪ್ರತಿ ಜಾಗಕ್ಕೂ ಒಂದು ಗಿಡ್ಡ ಕರೆಂಟ್ ಕಂಬ, ಒಂದು ನಲ್ಲಿ, ಒಂದು ಯುಜಿಡಿ ಕೊಳವೆ. ಮಗ ವೈರು ಸಿಕ್ಕಿಸಿದ. ತಲೆಯ ಮೇಲೆ ಏಸಿ ಗುಡುಗಿತು. ಅದರ ಸದ್ದು ಕೇಳಿದರೆ ಹಿಮಾಲಯವೇ ಇಳಿದು ಬರುತ್ತಿದೆ ಅನ್ನಬೇಕು. ಗಾಳಿಗೆ ಮುಖ ಒಡ್ಡಿದೆ. ಬಸ್ಸಿನಲ್ಲಿ ಪಕ್ಕದ ಸೀಟಿನವರು ಆಕಳಿಸಿದ ಹಾಗಿತ್ತು.

ಎರಡು ತಾಸು ಬಿಟ್ಟು ನೋಡಿದರೆ ಒಳಗೆ 93. ಮೊಮ್ಮಗಳು ಫ್ರಿಜ್ಜಿನ ಬಾಗಿಲು ತೆಗೆದು ಅದರ ಮುಂದೆ ಚಾಪೆ ಹಾಸಿಕೊಂಡಿದ್ದಳು. ಮೊಮ್ಮಗ ಕ್ಯಾಂಪಿನ ಈಜುಕೊಳಕ್ಕೂ ಟ್ರೈಲರಿಗೂ ಮಧ್ಯೆ ಓಡಾಡುತ್ತ, ಐದು ನಿಮಿಷಕ್ಕೊಮ್ಮೆ ಬಾಗಿಲು ತೆರೆದು, ಅರಿಜೋನಾವನ್ನೇ ಒಳಗೆ ಕರೆದು ತರುತ್ತಿದ್ದ. ಸೊಸೆ ಕಿಟಕಿಗಳ ಅಳತೆಗೆ ಬೆಳ್ಳಿ ಹಾಳೆ ಕತ್ತರಿಸಿ ಅಂಟಿಸತೊಡಗಿದಳು. ಗಾಜಿನಿಂದ ಬಿಸಿಲು ಬರ್ತಿದೆ ಮಾವ, ಅಂದಳು. ಮಾತು ನಿಜ. ಈ ಟ್ರೈಲರಿನ ಗೋಡೆ ಎರಡು ಬೆರಳು ದಪ್ಪ, ತಗಡಿನ ಹಿಂದೆ ಥರ್ಮಾಕೋಲು. ಕಿಟಕಿಗೆ ಒಂಟಿ ಗಾಜು. ಬಚ್ಚಲ ಮೇಲೆ ಬೆಳಕಿಗೆಂದು ಪ್ಲಾಸ್ಟಿಕ್ ಗುಮ್ಮಟ. ಸಂಜೆ ನಾಲ್ಕಕ್ಕೆ ಎಲ್ಲ ಕಿಟಕಿಗೂ ಬೆಳ್ಳಿ ಬಡಿದಾಯಿತು, ಗುಮ್ಮಟಕ್ಕೆ ದಿಂಬು ತುರುಕಿಯಾಯಿತು. ಸರೋವರ ನೋಡಲು 320 ಕಿಲೋಮೀಟರ್ ಬಂದವರು ಆರು ಜನ, ಮಟಮಟ ಹಗಲಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಮಿಠಾಯಿ ಡಬ್ಬದೊಳಗೆ ಕೂತೆವು. ಸರೋವರ ನೂರು ಗಜದಲ್ಲಿತ್ತು. ಟೀವಿಯಲ್ಲಿ ಯಾವುದೋ ಸರೋವರ ತೋರಿಸುತ್ತಿದ್ದರು, ಅದನ್ನು ನೋಡಿದೆವು.

ನಮ್ಮಾಕೆ ಯಾರನ್ನೂ ಕೇಳದೆ ತನ್ನ ಹಳೇ ಕಾಟನ್ ಸೀರೆ ಒದ್ದೆ ಮಾಡಿ ಬಾಗಿಲಿಗೆ ಕಟ್ಟಿದಳು. ಮಗ ನಕ್ಕ. ನಗಬೇಡ ಕಣೋ ಅಂದೆ. 1881ರಲ್ಲಿ ಗುಂಡೇಟು ತಿಂದು ಮಲಗಿದ್ದ ಅಧ್ಯಕ್ಷ ಗಾರ್ಫೀಲ್ಡನಿಗೆ ಶ್ವೇತಭವನದಲ್ಲಿ ನೌಕಾಪಡೆಯ ಇಂಜಿನಿಯರುಗಳು ಮಾಡಿಕೊಟ್ಟ ಏಸಿಯೂ ಇಷ್ಟೇ: ಮಂಜುಗಡ್ಡೆಯ ನೀರಲ್ಲಿ ನೆನೆದ ಬಟ್ಟೆ, ಹಿಂದೊಂದು ಫ್ಯಾನು. ನಮ್ಮ ಲಾವಂಚದ ತಟ್ಟಿಗೆ ಡಾಕ್ಟರೇಟ್ ಕೊಟ್ಟ ಹಾಗೆ. ಮರುಭೂಮಿಯ ಒಣ ಗಾಳಿಗೆ ಒದ್ದೆ ಸೀರೆ ಚೆನ್ನಾಗಿಯೇ ಕೆಲಸ ಮಾಡಿತು, ಇಪ್ಪತ್ತು ನಿಮಿಷ. ಆಮೇಲೆ ಒಳಗೆ ಮಂಗಳೂರಿನ ಮೇ ತಿಂಗಳು. ಸೀರೆ ಬಿಟ್ಟ ತೇವವನ್ನೆಲ್ಲ ಹಿಂಡಿ ಹೊರಹಾಕುವ ಕೆಲಸವೂ ಏಸಿಯ ತಲೆಗೇ ಬಂತು. ಏಸಿ ಅಥವಾ ಸೀರೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಎರಡನ್ನೂ ಒಂದೇ ಮನೆಯಲ್ಲಿ ಸಂಸಾರಕ್ಕೆ ಇಟ್ಟರೆ ಜಗಳವೇ.

ಅಷ್ಟರಲ್ಲಿ ಸಲಹೆಗಾರರು ಬರತೊಡಗಿದರು. ಕ್ಯಾಂಪಿನಲ್ಲಿ ಯಾವನಾದರೂ ಏಣಿ ಹಿಡಿದು ನಿಂತರೆ ಸಾಕು, ಬಿಯರ್ ಡಬ್ಬಿ ಹಿಡಿದ ಗಂಡಸರು ನೊಣದ ಹಾಗೆ ಮುತ್ತುತ್ತಾರೆ. ಇದೊಂದು ವಿಷಯದಲ್ಲಿ ಅಮೆರಿಕಕ್ಕೂ ನಮಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ನಮ್ಮಲ್ಲಿ ಸ್ಕೂಟರು ಸ್ಟಾರ್ಟ್ ಆಗದಿದ್ದಾಗ ಸೇರುವವರ ಕೈಯಲ್ಲಿ ಟೀ ಲೋಟ ಇರುತ್ತದೆ, ಅಷ್ಟೇ. ಕೌಬಾಯ್ ಟೋಪಿಯವರು ಥರ್ಮೋಸ್ಟಾಟ್ ಅಂದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡವರು ಕೆಪಾಸಿಟರ್ ಅಂದರು. ಮೈಮೇಲೆ ಹದ್ದಿನ ಹಚ್ಚೆಯಿದ್ದ ಮೂರನೆಯವರು ಏನನ್ನೂ ನೋಡದೆ, ಇದನ್ನು ಕಿತ್ತು ಬಿಸಾಕಿ 15,000 ಬಿಟಿಯುದ್ದು ಹಾಕಿಸಿ ಅಂದರು. ಅವರು ಕಳೆದ ವರ್ಷ ಹಾಗೇ ಮಾಡಿದರಂತೆ. ಈಗ ನಿಮ್ಮದು ತಣ್ಣಗಿದೆಯಾ ಅಂದೆ. ಇಲ್ಲ, ಅದಕ್ಕೇ ಹೊರಗೆ ಓಡಾಡುತ್ತಿದ್ದೇನೆ ಅಂದರು.

ಟೋಪಿಯವರು ಒಂದು ಸೂತ್ರವನ್ನೂ ಹೇಳಿದರು. ಟ್ರೈಲರಿನ ಏಸಿ ಎಷ್ಟೇ ತಿಣುಕಿದರೂ ಹೊರಗಿಗಿಂತ 20 ಡಿಗ್ರಿ ಮಾತ್ರ ಕಡಿಮೆ ಮಾಡುತ್ತದಂತೆ. 115ರಲ್ಲಿ 20 ಕಳೆದರೆ 95. ನಿಮ್ಮದು 93 ಇದೆ, ನೀವು ಲಾಭದಲ್ಲಿದ್ದೀರಿ ಅಂತ ಬೆನ್ನು ತಟ್ಟಿ ಹೋದರು. ಬೆವರು ಒರೆಸಿಕೊಳ್ಳುತ್ತ ಲೆಕ್ಕ ನೋಡಿದೆ. ಲೆಕ್ಕದಲ್ಲಿ ನಾವು ತಣ್ಣಗೇ ಇದ್ದೆವು.

ಮಗ ಕ್ಲೌಡ್ ಇಂಜಿನಿಯರು. ಮೋಡದಲ್ಲಿ ಏನು ಕೆಟ್ಟರೂ ಸರಿ ಮಾಡುತ್ತಾನೆ, ಚಾವಣಿಯ ಮೇಲಿನದು ಆಗುವುದಿಲ್ಲ. ಹದಿನಾಲ್ಕು ವಿಡಿಯೋ ನೋಡಿ ಹದಿನಾಲ್ಕು ರೋಗ ಬರೆದುಕೊಂಡ. ರಿಪೇರಿಯವರಿಗೆ ಫೋನು ಮಾಡಿದರೆ ಮಂಗಳವಾರ ಬರುತ್ತೇವೆ, ಬಂದು ನೋಡುವುದಕ್ಕೇ 180 ಡಾಲರು ಅಂದರು. ನಾನು ದಾವಣಗೆರೆಯ ನಮ್ಮ ಪರಿಚಯದ ಮೆಕ್ಯಾನಿಕ್ಕಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಜಾವ. ಕಣ್ಣು ಉಜ್ಜಿಕೊಂಡು, ಫೋನು ಕಿವಿಗೇ ಹಿಡಿದುಕೊಂಡು, ಏಸಿಯ ಕಡೆ ನೋಡದೆಯೇ ಹೇಳಿದ: "ಗ್ಯಾಸ್ ಖಾಲಿ ಆಗೈತೆ ಸಾರ್. ಎರಡೂವರೆ ಸಾವಿರ ಆಗುತ್ತೆ. ಹುಡುಗನ್ನ ಕಳಸ್ಲಾ?"

ಮೂವತ್ತು ವರ್ಷದಿಂದ ನಮ್ಮ ನಾಡಿನ ಎಲ್ಲ ಏಸಿ, ಎಲ್ಲ ಫ್ರಿಜ್ಜುಗಳ ಗ್ಯಾಸೂ ಖಾಲಿಯಾಗುತ್ತಲೇ ಬಂದಿದೆ. ಆದರೆ ಈ ಟ್ರೈಲರ್ ಏಸಿಗೆ ಗ್ಯಾಸ್ ತುಂಬಿಸುವ ಬಾಯೇ ಇರುವುದಿಲ್ಲ. ಕಾರ್ಖಾನೆಯಲ್ಲೇ ತುಂಬಿ, ತಾಮ್ರದ ನಳಿಗೆಗೆ ಬೆಸುಗೆ ಹಾಕಿ ಕಳಿಸುತ್ತಾರೆ. ಅದನ್ನು ಕೇಳಿದ ಮೆಕ್ಯಾನಿಕ್ ಗಳಿಗೆ ಹೊತ್ತು ಸುಮ್ಮನಾದ. "ಹಂಗಾರೆ ಅಲ್ಲಿನವರು ಹೊಟ್ಟೆಗೆ ಏನ್ ತಿಂತಾರೆ ಸಾರ್?" ಅಂದ.

ಏಸಿಯ ಜಾತಕವೇ ಒಂದು ತಮಾಷೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ 25 ವರ್ಷದ ವಿಲ್ಲಿಸ್ ಕ್ಯಾರಿಯರ್ ಇದನ್ನು ಮೊದಲು ಮಾಡಿದ್ದು ಮನುಷ್ಯರಿಗಲ್ಲ, ಕಾಗದಕ್ಕೆ. ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಹಾಳೆ ಹಿಗ್ಗಿ, ಬಣ್ಣದ ಮೇಲೆ ಬಣ್ಣ ಕೂರುತ್ತಿರಲಿಲ್ಲ. ನಮ್ಮ ಅಂಗಡಿ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ತುಟಿಯ ಕೆಂಪು ಗಲ್ಲಕ್ಕೆ ಬಂದಿರುತ್ತಿತ್ತಲ್ಲ, ಆ ಬಾಧೆ. ಅದಕ್ಕೆ ಈ ಯಂತ್ರ ಬಂತು. ಹುಟ್ಟಿನಿಂದಲೇ ಏಸಿಗೆ ಕಾಗದದ ಮೇಲೆ ಮಮತೆ. ಇವತ್ತಿಗೂ ಕಚೇರಿಗಳಲ್ಲಿ ಕಡತಗಳಿಗೆ ತಂಪು, ಹೊರಗೆ ಕ್ಯೂನಲ್ಲಿ ನಿಂತವರಿಗೆ ಬಿಸಿಲು.

ನಾಲ್ಕನೇ ತಾರೀಕು ಬೆಳಿಗ್ಗೆ ಎದ್ದವನೇ ನಾನು ಟೆಸ್ಟರು, ಮಲ್ಟಿಮೀಟರು ತೆಗೆದುಕೊಂಡೆ. ಹೇಳುವುದು ಮರೆತೆ: ನಾನು 32 ವರ್ಷ ವಿದ್ಯುತ್ ಇಲಾಖೆಯಲ್ಲಿದ್ದು ಸೆಕ್ಷನ್ ಆಫೀಸರಾಗಿ ನಿವೃತ್ತನಾದವನು. ಅಷ್ಟರಲ್ಲಿ ಇಲಾಖೆಯ ಬೋರ್ಡು ಬದಲಾಯಿತು, ಕಂಬ ಬದಲಾಗಲಿಲ್ಲ. ಅದರ ಹೆಸರು ಹೇಳುವುದಿಲ್ಲ; ಪಿಂಚಣಿ ಅಲ್ಲಿಂದಲೇ ಬರುತ್ತದೆ.

ಮೊದಲು ವೈರು ಮುಟ್ಟಿದೆ. ಮಗ ಕಂಬದಿಂದ ಟ್ರೈಲರಿಗೆ ಎಳೆದಿದ್ದದ್ದು ಮನೆಯಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ಕಿತ್ತಳೆ ಬಣ್ಣದ ಎಕ್ಸ್‌ಟೆನ್ಷನ್. ಟ್ರೈಲರಿನ ದಪ್ಪ ಕೇಬಲ್ ಗಿಡ್ಡ ಬಿತ್ತಂತೆ. ಬೆಳಗಿನ ಆರು ಗಂಟೆಗೇ ಆ ವೈರು ಬಾಣಂತಿಗೆ ಇಟ್ಟ ಬಿಸಿನೀರಿನ ಚೀಲದ ಹಾಗಿತ್ತು. ಪ್ಲಗ್ಗು ಕಿತ್ತೆ. ಒಂದು ಪಿನ್ನು ಕರ್ರಗೆ. ಸುತ್ತಲ ಪ್ಲಾಸ್ಟಿಕ್ಕು ಬೆಣ್ಣೆ ಕರಗಿದ ಹಾಗೆ ಮೆತ್ತಗಾಗಿ ಒಂದು ಕಡೆ ಜೋತಿತ್ತು. ಮೂಗಿಗೆ ಹಿಡಿದರೆ ಆ ವಾಸನೆ. ನಿವೃತ್ತಿಯಾಗಿ ಒಂಬತ್ತು ವರ್ಷದ ಮೇಲೆ ಅದನ್ನು ಮೂಸಿ, ಸುಳ್ಳೇಕೆ, ಕಣ್ಣಲ್ಲಿ ನೀರು ಬಂತು. "ಏನೋ ಇದು?" ಅಂದೆ. "ಕನೆಕ್ಷನ್ ಬರುತ್ತಲ್ಲ ಅಪ್ಪ" ಅಂದ. ಇಂಟರ್ನೆಟ್ಟಿನವರಿಗೆ ಕನೆಕ್ಷನ್ ಬಂದರೆ ಸಾಕು. ಸಣ್ಣ ಪೈಪಿನಲ್ಲಿ ಇಡೀ ಊರಿಗೆ ಸಾಲುವ ನೀರು ಬರುವುದಿಲ್ಲ ಎಂಬುದು ಅವನಿಗೆ ಗೊತ್ತು, ಸಣ್ಣ ಎಳೆಯಲ್ಲಿ ಏಸಿಗೆ ಸಾಲುವ ಕರೆಂಟೂ ಬರುವುದಿಲ್ಲ ಎಂಬುದು ಗೊತ್ತಿಲ್ಲ. ಟ್ರೈಲರನ್ನು ಹತ್ತಡಿ ಹಿಂದಕ್ಕೆ ತೆಗೆಸಿ, ದಪ್ಪ ಕೇಬಲ್ಲನ್ನೇ ನೇರವಾಗಿ ಕಂಬಕ್ಕೆ ಕೊಟ್ಟೆವು.

ಆಮೇಲೆ ಫಿಲ್ಟರು. ತೆಗೆದು ನೋಡಿದರೆ ಹಳೇ ಕಂಬಳಿಯ ತುಂಡು. ಹಿಂದಿನ ಮಾಲೀಕರ ನಾಯಿಯ ಕೂದಲು ಒಂದು ಪದರ. ಅದರ ಮೇಲೆ ಎಣ್ಣೆ ಜಿಡ್ಡಿನ ಇನ್ನೊಂದು ಪದರ, ಅದರ ವಾಸನೆ ನನಗೆ ಚಿರಪರಿಚಿತ. ಏಸಿ ಉಸಿರೆಳೆಯುವ ಬಾಯಿಯ ನೇರ ಕೆಳಗೇ ಒಲೆ, ಆ ಒಲೆಯ ಮೇಲೆ ನಮ್ಮಾಕೆ ಹಿಂದಿನ ಸಂಜೆ ಮಿರ್ಚಿ ಕರಿದಿದ್ದಳು. ಹೊರಗೆ 115 ಇರುವಾಗ ಡಬ್ಬದೊಳಗೆ ಎಣ್ಣೆ ಬಾಣಲೆ! ರೀ, ಮಂಡಕ್ಕಿಗೆ ಮಿರ್ಚಿ ಬೇಡವಾ ಅಂತ ಕೇಳಿದ್ದಳು. ಬೇಡ ಅಂದಿದ್ದರೆ ನಾನು ದಾವಣಗೆರೆ ಸೀಮೆಯವನೇ ಅಲ್ಲ. ಸುಮ್ಮನೆ ಕೂತ ಒಬ್ಬ ಮನುಷ್ಯನೇ ನೂರು ವ್ಯಾಟಿನ ಬಲ್ಬಿನಷ್ಟು ಶಾಖ ಬಿಡುತ್ತಾನೆ. ಆರು ಜನ ಆರು ಬಲ್ಬು. ಒಲೆ, ಫ್ರಿಜ್ಜು ಬೇರೆ. ಪಾಪದ ಏಸಿ 13,500 ಬಿಟಿಯುದ್ದು. 12,000ಕ್ಕೆ ಒಂದು ಟನ್, ಅಂದರೆ ದಿನಕ್ಕೆ ಒಂದು ಟನ್ ಮಂಜುಗಡ್ಡೆ ಕರಗಿಸಿದಷ್ಟು ತಂಪು. ನಮ್ಮದು ಒಂದು ಟನ್ನಿಗಿಂತ ತುಸು ಹೆಚ್ಚು ಮಂಜು ತಂದು ಸುರಿಯುವ ಕೂಲಿಯಾಳು. ಸುರಿದದ್ದೆಲ್ಲ ಎಲ್ಲಿ ಹೋಗುತ್ತಿದೆ?

ಥರ್ಮಾಮೀಟರ್ ಹಿಡಿದೆ. ಏಸಿಯೊಳಗೆ ಹೋಗುವ ಗಾಳಿ 93, ಮಲಗುವ ಕೋಣೆಯ ಕಿಂಡಿಯಲ್ಲಿ ಹೊರಬರುವ ಗಾಳಿ 84. ವ್ಯತ್ಯಾಸ ಒಂಬತ್ತೇ. ಆರೋಗ್ಯವಂತ ಏಸಿಯಲ್ಲಿ 16ರಿಂದ 22 ಇರಬೇಕು. ಟೋಪಿಯವರ 20 ಡಿಗ್ರಿ ಸೂತ್ರ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಇರುವ ಅಂತರವನ್ನು ಅವರು ಟ್ರೈಲರಿಗೂ ಅರಿಜೋನಾಕ್ಕೂ ಹಂಚಿಬಿಟ್ಟಿದ್ದರು.

ಚಾವಣಿಯ ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿಸಿದೆ. ಅಲ್ಲಿತ್ತು ನೋಡಿ ಸ್ವಾರಸ್ಯ. ಏಸಿ ಕೂತ ಕಡೆ ಚಾವಣಿಯಲ್ಲಿ 14 ಇಂಚು ಚೌಕದ ಒಂದು ಕಂಡಿ. ಅದರ ನಡುವೆ ಒಂದು ತಡಿಕೆ. ತಡಿಕೆಯ ಒಂದು ಬದಿಯಿಂದ ಕೋಣೆಯ ಬಿಸಿಗಾಳಿ ಮೇಲೆ ಹೋಗಬೇಕು, ಇನ್ನೊಂದು ಬದಿಯಿಂದ ತಣ್ಣನೆ ಗಾಳಿ ಇಳಿದು ಚಾವಣಿಯೊಳಗಿನ ಕೊಳವೆ ಹಿಡಿದು ಕೋಣೆ ಕೋಣೆಗೂ ಹೋಗಬೇಕು. ಇಡೀ ವ್ಯವಸ್ಥೆಯ ಮಾನ ಆ ತಡಿಕೆಯ ಮೇಲೆ ನಿಂತಿದೆ. ಆ ತಡಿಕೆಯೋ, ಒಂದು ತುಂಡು ಥರ್ಮಾಕೋಲು, ಅಂಚಿಗೆ ಟೇಪು. ಟೇಪು ಬಿಸಿಲಿಗೆ ಒಣಗಿ, ಹಾವಿನ ಪೊರೆಯ ಹಾಗೆ ಸುರುಳಿ ಸುತ್ತಿಕೊಂಡು ತೂಗಾಡುತ್ತಿತ್ತು. ಎರಡು ಬೆರಳು ತೂರುವಷ್ಟು ಸಂದು.

ನಮ್ಮಾಕೆಯ ಪೂಜೆ ಡಬ್ಬಿಯಿಂದ ಒಂದು ಊದುಬತ್ತಿ ಇಸಿದುಕೊಂಡು ಹಚ್ಚಿದೆ. ಹೊಗೆ ಮೊದಲು ನೆಟ್ಟಗೆ ಮೇಲೇರಿತು. ಸಂದಿನ ಹತ್ತಿರ ಒಯ್ದಾಗ, ಯಾರೋ ಬಾಯಿಂದ ಊದಿದ ಹಾಗೆ ಪಕ್ಕಕ್ಕೆ ಬಾಗಿ, ಒಂದು ಸುತ್ತು ಹಾಕಿ, ಸೀದಾ ಏಸಿಯ ಬಾಯೊಳಗೇ ಹೋಯಿತು. ಸಂದಿಗೆ ಬೆರಳಿಟ್ಟೆ. ಫ್ರಿಜ್ಜಿನೊಳಗೆ ಕೈ ಹಾಕಿದಷ್ಟು ತಂಪು! ಮಾಡಿದ ತಂಪಿನ ಅರ್ಧಭಾಗ ಕೋಣೆಯ ಮುಖವನ್ನೂ ನೋಡದೆ ತಿರುಗಿ ಏಸಿಯ ಹೊಟ್ಟೆಗೇ ಹೋಗುತ್ತಿತ್ತು. ತನ್ನದೇ ತಂಪು ತನಗೆ ವಾಪಸು ಬಂದಾಗ ಏಸಿಯ ಕಾಯಿಲ್ಲು ಮಂಜು ಕಟ್ಟುತ್ತದೆ. ಅದಕ್ಕೆ ಇಟ್ಟಿರುವ ಸೆನ್ಸರು ಆಹಾ ಎಲ್ಲೆಡೆ ತಂಪು ಅಂದುಕೊಂಡು ಕಂಪ್ರೆಸರಿಗೆ ವಿಶ್ರಾಂತಿ ಕೊಡುತ್ತದೆ. ಏಸಿ ಕೆಟ್ಟಿರಲಿಲ್ಲ. ಬಹಳ ಶ್ರದ್ಧೆಯಿಂದ ತನ್ನನ್ನೇ ತಣ್ಣಗೆ ಇಟ್ಟುಕೊಂಡಿತ್ತು. ಜನರಿಗೆಂದು ಮಂಜೂರಾದದ್ದು ಮಂಜೂರು ಮಾಡಿದವರ ಕಿಸೆಗೇ ಮರಳುವ ಇಂಥ ಸಂದುಗಳನ್ನು ನಾನು ಸೇವೆಯಲ್ಲಿ ಬೇಕಾದಷ್ಟು ನೋಡಿದ್ದೆ, ಊದುಬತ್ತಿ ಹಿಡಿದು ನೋಡಿರಲಿಲ್ಲ.

ಅಷ್ಟರಲ್ಲಿ ಹೊಗೆಗೆ ಟ್ರೈಲರಿನ ಬೆಂಕಿ ಅಲಾರಾಂ ಕಿರುಚಿಕೊಂಡಿತು. ಬಿಯರ್ ಡಬ್ಬಿಗಳು ಓಡಿ ಬಂದವು. ಮಗ ಊದುಬತ್ತಿಯನ್ನು ಹೇಗೆ ವಿವರಿಸಿದನೋ, ಹಚ್ಚೆಯವರು ಹೋಗುವಾಗ ನನಗೆ ಕೈ ಮುಗಿದು ಹೋದರು. ಭಾರತದಲ್ಲಿ ಏಸಿಗೆ ಪೂಜೆ ಮಾಡಿ ರಿಪೇರಿ ಮಾಡುತ್ತಾರೆ ಅಂತ ಕ್ಯಾಂಪೆಲ್ಲ ಸುದ್ದಿಯಾಯಿತು.

ಅಲ್ಯೂಮಿನಿಯಂ ಹಾಳೆಯ ಟೇಪು ತಂದು ಸಂದು ಮುಚ್ಚಿದೆವು. ಬಟ್ಟೆ ಟೇಪು ತಂದಿದ್ದ ಮಗನನ್ನು ಅಂಗಡಿಗೆ ತಿರುಗಿ ಓಡಿಸಿದೆ. ಮೇಲೆ ಹತ್ತಿ, ಏಸಿಯ ಹಿಂದಿನ ಮಡಚಿದ ರೆಕ್ಕೆಗಳನ್ನು ಹಳೇ ಬಾಚಣಿಗೆಯಿಂದ ಬಾಚಿದೆ. ಮಗ ಕೆಳಗೆ ನಿಂತು ಅಪ್ಪಾ ಬಿದ್ದೀಯ ಅನ್ನುತ್ತಿದ್ದ, ಮೇಲೆ ಬಂದು ಹಿಡಿದುಕೊಳ್ಳಲಿಲ್ಲ. ಹನ್ನೊಂದಕ್ಕೆ ಅಳೆದರೆ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 19 ಡಿಗ್ರಿ ಅಂತರ. ಒಳಗೆ 80. ಮೊಮ್ಮಗಳು ಫ್ರಿಜ್ಜಿನ ಬಾಗಿಲು ಹಾಕಿದಳು. ಸೊಸೆ ಒಂದು ಕಿಟಕಿಯ ಬೆಳ್ಳಿ ಹಾಳೆಯ ಮೂಲೆ ಬಿಡಿಸಿ ಸರೋವರ ನೋಡಿದಳು. ಕೌಬಾಯ್ ಟೋಪಿಯವರು ಬಂದು ಒಳಗೆ ಕೂತು, ಸೂತ್ರಕ್ಕೆ ವಿರುದ್ಧವಾಗಿ ತಣ್ಣಗಾದರು. ನನ್ನ ಎದೆ ಒಂದು ಗೇಣು ಹಿಗ್ಗಿತು.

ಸಂಜೆ ನಾಲ್ಕಕ್ಕೆ ಏಸಿಯ ದನಿ ಬದಲಾಯಿತು. ಉಸಿರು ಕಟ್ಟಿದವರ ಹಾಗೆ ಒಂದು ಗೊರಗೊರ. ಆ ದನಿಯನ್ನು ಶೇಂಗಾ ಹೊಲದ ಮಧ್ಯೆ, ಬೋರಿನ ಪಕ್ಕ, ಎಷ್ಟು ಸಲ ಕೇಳಿಲ್ಲ ನಾನು! ಕಂಬಕ್ಕೆ ಮೀಟರ್ ಹಿಡಿದೆ. ಬೆಳಿಗ್ಗೆ 118 ಇದ್ದದ್ದು 103. ಇಲ್ಲಿ ಕರೆಂಟು 120 ವೋಲ್ಟಿನದು. 104ಕ್ಕಿಂತ ಕೆಳಗಿಳಿದರೆ ಕಂಪ್ರೆಸರು ಹೆಚ್ಚು ಆಂಪಿಯರ್ ಎಳೆದು, ಕಾದು, ಸುಟ್ಟುಕೊಳ್ಳುವ ಅಪಾಯ. ಇಡೀ ಕ್ಯಾಂಪಿನ ಏಸಿಗಳು ಒಟ್ಟಿಗೆ ಓಡುತ್ತಿದ್ದವು. ದೊಡ್ಡ ಟ್ರೈಲರುಗಳಿಗೆ ಎರಡೆರಡು. ಒಂದು ಟ್ರಾನ್ಸ್‌ಫಾರ್ಮರಿನ ಮೇಲೆ ಹತ್ತು ಮೋಟಾರಿಗೆ ಸ್ಯಾಂಕ್ಷನ್ ಕೊಟ್ಟು ಮೂವತ್ತಕ್ಕೆ ಸುಮ್ಮನಿದ್ದುಬಿಡುವ ವಿದ್ಯೆ ಸಮುದ್ರ ದಾಟಿ ಇಲ್ಲಿಗೂ ಬಂದಿದೆ ಅಂತಾಯಿತು. ಅದೂ ಎಲ್ಲಿ? ಈ ಸರೋವರವೇ 1938ರಲ್ಲಿ ಮುಗಿದ ಪಾರ್ಕರ್ ಅಣೆಕಟ್ಟಿನ ಹಿನ್ನೀರು. ಅಲ್ಲಿ ಕರೆಂಟು ತಯಾರಾಗುತ್ತದೆ. ಇದೇ ನೀರನ್ನು ಭಾರೀ ಪಂಪುಗಳು ಬೆಟ್ಟ ಹತ್ತಿಸಿ ಫೀನಿಕ್ಸಿಗೂ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೂ ಕಳಿಸುತ್ತವೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಕನ್ನಡದ ಗಾದೆ ಮಾತ್ರವಲ್ಲ.

ಕ್ಯಾಂಪಿನ ಆಫೀಸಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಇಪ್ಪತ್ತು ವರ್ಷದವಳಿರಬೇಕು, ಕೆಂಪು ನೀಲಿ ನಕ್ಷತ್ರದ ಕಿರೀಟ ಹಾಕಿಕೊಂಡಿದ್ದಳು. ಆಫೀಸು ಮಾತ್ರ ಗಡಗಡ ನಡುಗುವಷ್ಟು ತಣ್ಣಗಿತ್ತು. ವೋಲ್ಟೇಜ್ ಬಿದ್ದಿದೆ ತಾಯಿ, 103 ಅಂತ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಮೀಟರ್ ತೋರಿಸಿದೆ. ಅವಳು ಮೀಟರ್ ನೋಡಲಿಲ್ಲ. ನಕ್ಕಳು. ನಿಮ್ಮ ಟ್ರೈಲರಿನಲ್ಲಿ ಲೈಟ್ ಉರೀತಿದೆಯಾ ಸರ್ ಅಂದಳು.

ಉರೀತಿದೆ ಅಂದೆ.

ಹಾಗಾದರೆ ಪವರ್ ಇದೆಯಲ್ಲ ಸರ್, ಅಂದಳು.

ಬಾಯಿ ಕಟ್ಟಿಹೋಯಿತು. ಟ್ರೈಲರಿನ ಲೈಟು 12 ವೋಲ್ಟಿನ ಬ್ಯಾಟರಿಯದು, ಕಂಬದಲ್ಲಿ ಕರೆಂಟು ಸತ್ತರೂ ಉರಿಯುತ್ತದೆ ಅಂತ ಅವಳಿಗೆ ತಿಳಿಸಿ ಹೇಳಬಹುದಿತ್ತು. ಹೇಳಲಿಲ್ಲ. ಯಾಕೆಂದರೆ ಆ ಮಾತು ಅವಳದಲ್ಲ, ನನ್ನದು. ಹಳ್ಳಿಗೆ ಸಿಂಗಲ್ ಫೇಸ್ ಬಿಟ್ಟು, ತ್ರೀ ಫೇಸ್ ಕೊಟ್ಟಿದ್ದೇವೆ ಅಂತ ಲಾಗ್ ಪುಸ್ತಕದಲ್ಲಿ ಬರೆದು, ಮೋಟಾರ್ ಓಡುತ್ತಿಲ್ಲ ಅಂತ ಬಂದವರಿಗೆಲ್ಲ "ಲೈಟ್ ಉರೀತಿದೆಯಲ್ಲ ಸ್ವಾಮಿ" ಅಂದು ಸಾಗಹಾಕಿದವನು ನಾನು. ಒಂದು ಸಲ ಮಾತ್ರ ಒಬ್ಬ ರೈತ ಸುಟ್ಟ ಮೋಟಾರಿನ ವೈಂಡಿಂಗ್ ತಂತಿಯನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ತಂದು ನನ್ನ ಮೇಜಿನ ಮೇಲೆ ಬಿಚ್ಚಿದ್ದ. ಕಪ್ಪಗೆ, ತಲೆಗೂದಲಿನ ಸಿಕ್ಕಿನ ಹಾಗಿತ್ತು. ಅವನಿಗೂ ಅದನ್ನೇ ಅಂದೆ. ಅವನು ಕೂಗಾಡಲಿಲ್ಲ. "ಲೈಟ್ ತಗಂಡೋಗಿ ಶೇಂಗಾ ಗಿಡಕ್ಕೆ ತೋರಿಸ್ಲಾ ಸ್ವಾಮಿ?" ಅಂದು, ಗಂಟು ಕಟ್ಟಿಕೊಂಡು ಹೋದ. ಮೇಜಿನ ಗಾಜಿನ ಮೇಲೆ ಮಸಿ ಉಳಿದಿತ್ತು. ಅಟೆಂಡರನ್ನು ಕರೆದು ಒರೆಸಿಸಿದೆ.

ಥ್ಯಾಂಕ್ಯೂ ಅಂತ ಹೇಳಿ ಬಂದೆ. ಹುಡುಗಿ ಹ್ಯಾಪಿ ಫೋರ್ತ್ ಅಂದಳು.

ಟ್ರೈಲರಿಗೆ ಬಂದು ಏಸಿ ಆರಿಸಿದೆ. ಮಗ ರೇಗಿದ. ಸುಟ್ಟರೆ ನೀನು ಕೊಡ್ತೀಯೇನೋ ದುಡ್ಡು ಅಂದೆ. ಕೊಡಬೇಕಾದವನು ಅವನೇ ಎಂಬುದು ಆಮೇಲೆ ನೆನಪಾಯಿತು. ಒಳಗೆ ಮತ್ತೆ 85, 88, 91. ನಮ್ಮಾಕೆ ಸೀರೆ ಒದ್ದೆ ಮಾಡತೊಡಗಿದಳು. ಈ ಸಲ ಯಾರೂ ನಗಲಿಲ್ಲ.

ಆರೂಮುಕ್ಕಾಲಕ್ಕೆ ಎಲ್ಲೋ ಢಬ್ ಅಂತ ಸದ್ದಾಯಿತು. ಪಟಾಕಿ ಅಂದುಕೊಂಡರು ಎಲ್ಲರೂ. ನನಗೆ ಗೊತ್ತಾಯಿತು. ಮರುಗಳಿಗೆಯಲ್ಲಿ ಕ್ಯಾಂಪಿನ ಅಷ್ಟೂ ಏಸಿಗಳು ಒಟ್ಟಿಗೆ ನಿಂತವು. ಎರಡು ದಿನದಿಂದ ತಲೆಯಲ್ಲಿ ಕೊರೆಯುತ್ತಿದ್ದ ಗುಡುಗು ನಿಂತು ಹೋಗಿ ನೀರು ದಡಕ್ಕೆ ಬಡಿಯುವುದು ಕೇಳಿಸಿತು. ಒಂದೊಂದೇ ಬಾಗಿಲು ತೆರೆದು ಜನ ಹೊರಬಂದರು: ಬನಿಯನ್ನಿನವರು, ಚಡ್ಡಿಯವರು, ಎರಡು ದಿನದಿಂದ ಮುಖವೇ ಕಾಣಿಸದಿದ್ದ ಹೆಂಗಸರು, ಬೆಕ್ಕು ಎತ್ತಿಕೊಂಡ ಒಬ್ಬ ಅಜ್ಜಿ. ಎಲ್ಲರೂ ಮೊದಲು ಆಕಾಶ ನೋಡಿದರು, ಆಮೇಲೆ ಕಂಬ ನೋಡಿದರು, ಆಮೇಲೆ ಮಲ್ಟಿಮೀಟರ್ ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಬೆಳಗಿನಿಂದ ನನಗೆ ಕ್ಯಾಂಪಿನಲ್ಲಿ ಒಂದು ಹೆಸರು ಬಂದಿತ್ತಲ್ಲ. ಕೌಬಾಯ್ ಟೋಪಿಯವರು ಎಲ್ಲರ ಪರವಾಗಿ ಮುಂದೆ ಬಂದು, ಟೋಪಿ ತೆಗೆದು, ಕರೆಂಟು ಯಾವಾಗ ಬರುತ್ತದೆ ಅಂತ ಕೇಳಿದರು.

ನನ್ನ ಹಿಂದೆ ಟ್ರೈಲರಿನಲ್ಲಿ ಲೈಟ್ ಉರಿಯುತ್ತಲೇ ಇತ್ತು.

"ಇನ್ನರ್ಧ ಗಂಟೇಲಿ ಬರುತ್ತೆ" ಅಂದೆ.